ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ (22 ಸೆಪ್ಟೆಂಬರ್ 1834 – 29 ಡಿಸೆಂಬರ್ 1912) ಬ್ರಿಟಿಷ್ ಭೂವಿಜ್ಞಾನಿ ಮತ್ತು ಪುರಾತತ್ತ್ವಜ್ಞ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ 33 ವರ್ಷ ಸೇವೆ ಸಲ್ಲಿಸಿದ ಇವರನ್ನು ಭಾರತದ ಪ್ರಾಗಿತಿಹಾಸ ಅಧ್ಯಯನದ ಪಿತಾಮಹ ಎಂದು ಗುರುತಿಸಲಾಗುತ್ತದೆ. ಧಾರವಾಡ ಶಿಲಾಸಮೂಹಕ್ಕೆ ಆ ಹೆಸರನ್ನು ನೀಡಿದವರು ಇವರೇ. ಕರ್ನೂಲು ಸೀಮೆಯ ಗುಹೆಗಳ ಉತ್ಖನನ ಹಾಗೂ ಮೈಸೂರು ಸಂಸ್ಥಾನದ ಚಿನ್ನದ ಪ್ರದೇಶಗಳ ಸಮೀಕ್ಷೆ ಇವರ ಇತರ ಮುಖ್ಯ ಕಾರ್ಯಗಳು.

== ಆರಂಭಿಕ ಜೀವನ ==
ಫೂಟ್ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯನ್ನು ಸೇರಿ ಮದ್ರಾಸಿಗೆ ಬಂದರು. ತಮಿಳು ವಿದ್ವಾಂಸರೂ ಮಿಷನರಿಯೂ ಆಗಿದ್ದ ಪೀಟರ್ ಪರ್ಸಿವಲ್ ಅವರ ಮಗಳನ್ನು ವಿವಾಹವಾದರು.

ಯುರೋಪಿನಲ್ಲಿ ಅಳಿದುಹೋದ ಪ್ರಾಣಿಗಳ ಎಲುಬುಗಳೊಂದಿಗೆ ಮನುಷ್ಯನಿರ್ಮಿತ ಕಲ್ಲಿನ ಆಯುಧಗಳು ದೊರೆತಿರುವುದನ್ನು ವಿದ್ವಾಂಸರು ಆಗಷ್ಟೇ ಒಪ್ಪತೊಡಗಿದ್ದರು. 30 ಮೇ 1863ರಂದು ಮದ್ರಾಸಿನ ಸಮೀಪದ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರ ಬಳಿ ಫೂಟ್ ಅವರಿಗೆ ಕಲ್ಲಿನ ಕೈಕೊಡಲಿಯೊಂದು ದೊರೆಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಂದಿಗೆ ಅತ್ತಿರಂಪಾಕ್ಕಂ ನೆಲೆಯನ್ನು ಶೋಧಿಸಿದರು. ಭಾರತದಲ್ಲಿಯೂ ಹಳೆಶಿಲಾಯುಗದ ಮಾನವನಿದ್ದನೆಂಬುದು ಇದರಿಂದ ಸ್ಥಾಪಿತವಾಯಿತು.

== ಕನ್ನಡ ನಾಡಿನಲ್ಲಿ ಸಮೀಕ್ಷೆ ==
ಫೂಟ್ ಅವರ ವೃತ್ತಿಜೀವನದ ಒಂದು ಭಾಗ ಇಂದಿನ ಕರ್ನಾಟಕದಲ್ಲಿ ಕಳೆಯಿತು. ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಕುರಿತ ಇವರ ಗ್ರಂಥ 1876ರಲ್ಲಿಯೂ ಬಳ್ಳಾರಿ ಜಿಲ್ಲೆಯ ಕುರಿತ ಗ್ರಂಥ 1895ರಲ್ಲಿಯೂ ಪ್ರಕಟವಾದವು. ಶಿಲೆಗಳನ್ನು ಗುರುತಿಸುತ್ತ ನಡೆದಾಡುವಾಗಲೇ ಪ್ರಾಚೀನ ನೆಲೆಗಳನ್ನೂ ದಾಖಲಿಸುವುದು ಇವರ ಪದ್ಧತಿಯಾಗಿತ್ತು. ಬಳ್ಳಾರಿಯ ಸಮೀಪದ ಕಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ಸ್ಥಳವನ್ನು ಕಂಡುಕೊಂಡರು. ಮಸ್ಕಿಯನ್ನು 1870 ಮತ್ತು 1888ರಲ್ಲಿ ಸಂದರ್ಶಿಸಿದರು. ಬಳ್ಳಾರಿ ಪ್ರದೇಶದ ಬೂದಿದಿಬ್ಬಗಳು ದನಗಳ ಸಗಣಿ ಸುಟ್ಟು ಉಂಟಾದವುಗಳೆಂದು ಇವರು ಅಭಿಪ್ರಾಯಪಟ್ಟಿದ್ದರು. 20ನೆಯ ಶತಮಾನದ ಮಧ್ಯಭಾಗದ ಸಂಶೋಧನೆಗಳು ಈ ಅಭಿಪ್ರಾಯವನ್ನು ಸಮರ್ಥಿಸಿದವು.

== ಬಿಲ್ಲಸುರ್ಗಂ ಗುಹೆಗಳು ==
ಅಂದು ಕರ್ನೂಲು ಜಿಲ್ಲೆಗೆ ಸೇರಿದ್ದ ಬೇತಂಚೆರ್ಲದ ಸಮೀಪ ಸುಣ್ಣಕಲ್ಲಿನಲ್ಲಿ ಕೊರೆದುಕೊಂಡಿರುವ ಬಿಲ್ಲಸುರ್ಗಂ ಗುಹೆಗಳಲ್ಲಿ ಎಲುಬುಗಳಿರುವುದನ್ನು ಕ್ಯಾಪ್ಟನ್ ನ್ಯೂಬೋಲ್ಡ್ 1844ರಲ್ಲಿ ಪ್ರಕಟಿಸಿದ್ದರು. ಆದರೆ ಬಳಿಕ ನಾಲ್ಕು ದಶಕಗಳ ಕಾಲ ಅಲ್ಲಿ ವ್ಯವಸ್ಥಿತ ಉತ್ಖನನ ನಡೆಯಲಿಲ್ಲ. ಯುರೋಪಿನ ಗುಹೆಗಳಂತೆ ಇಲ್ಲಿಯೂ ಆದಿಮಾನವನ ಅವಶೇಷಗಳು ದೊರೆಯಬಹುದೆಂಬ ನಿರೀಕ್ಷೆಯಿಂದ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ ಮದ್ರಾಸಿನ ಗವರ್ನರ್ ಗ್ರಾಂಟ್ ಡಫ್ ಅವರ ಗಮನ ಸೆಳೆದರು. ಕಾರ್ಯವನ್ನು ಫೂಟ್ ಅವರಿಗೆ ವಹಿಸಲಾಯಿತು.

ಫೂಟ್ ಅವರು ಗುಹೆಗಳನ್ನು ಪರಿಶೀಲಿಸಿ 1884ರಲ್ಲಿ ಮೊದಲ ಟಿಪ್ಪಣಿಯನ್ನು ಪ್ರಕಟಿಸಿದರು. ಮುಂದಿನ ಉತ್ಖನನವನ್ನು ಅವರ ಮಗ, ಸೇನೆಯ ಫಿರಂಗಿ ದಳದಲ್ಲಿ ಲೆಫ್ಟಿನೆಂಟ್ ಆಗಿದ್ದ ಹೆನ್ರಿ ಬ್ರೂಸ್ ಫೂಟ್ ನಡೆಸಿದರು. ಅದರ ಫಲಿತಾಂಶಗಳನ್ನು ತಂದೆ 1885ರಲ್ಲಿ ಪ್ರಕಟಿಸಿದರು. ಗುಹೆಗಳಿಗೆ ಕೆಥೆಡ್ರಲ್, ಚಾರ್ನೆಲ್ ಹೌಸ್, ಪರ್ಗೆಟರಿ ಮೊದಲಾದ ಹೆಸರುಗಳನ್ನಿಡಲಾಯಿತು. ಇದೇ ಜಿಲ್ಲೆಯ ಬೆಲಂ ಗುಹೆಗಳನ್ನು 1884ರಲ್ಲಿ ವಿದ್ವತ್ ಲೋಕಕ್ಕೆ ಪರಿಚಯಿಸಿದ ಶ್ರೇಯಸ್ಸೂ ಫೂಟ್ ಅವರದು.

ಬಿಲ್ಲಸುರ್ಗಂನಲ್ಲಿ ದೊರೆತ ಎಲುಬುಗಳನ್ನು ರಿಚರ್ಡ್ ಲಿಡೆಕರ್ ಅಧ್ಯಯನ ಮಾಡಿ 1886ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ ಅಳಿದುಹೋದ ಒಂದು ಜಾತಿಯ ಖಡ್ಗಮೃಗದ ಎಲುಬುಗಳೂ ಇದ್ದವು. ಹಕ್ಸ್‌ಲಿ ನಿರೀಕ್ಷಿಸಿದ್ದ ಆದಿಮಾನವನ ಅಸ್ಥಿಗಳು ಮಾತ್ರ ದೊರೆಯಲಿಲ್ಲ. ಕೆಲವು ಎಲುಬಿನ ತುಣುಕುಗಳು ಮನುಷ್ಯರು ಕೆತ್ತಿ ರೂಪಿಸಿದ ಉಪಕರಣಗಳೆಂದು ಫೂಟ್ ನಿರ್ಣಯಿಸಿ, ಅವುಗಳನ್ನು ಯುರೋಪಿನ ಹಳೆಶಿಲಾಯುಗದ ಕೊನೆಯ ಘಟ್ಟದ ಉಪಕರಣಗಳಿಗೆ ಹೋಲಿಸಿದರು. ಮುಂದೆ ಆ ಸಂಗ್ರಹ ಕಳೆದುಹೋದುದರಿಂದ ಅವರ ನಿರ್ಣಯವನ್ನು ಮರುಪರೀಕ್ಷಿಸುವುದು ಸಾಧ್ಯವಾಗದೆ, ಅದು ದೀರ್ಘಕಾಲ ಸಂದೇಹಕ್ಕೆ ಒಳಗಾಯಿತು. 1970ರ ದಶಕದಲ್ಲಿ ಎಂ. ಎಲ್. ಕೆ. ಮೂರ್ತಿ ಅವರು ಇದೇ ಪ್ರದೇಶದ ಮುಚ್ಚಟ್ಲ ಚಿಂತಮಾನು ಗವಿಯಲ್ಲಿ ಉತ್ಖನನ ನಡೆಸಿದಾಗ ಹಳೆಶಿಲಾಯುಗದ ಕೊನೆಯ ಘಟ್ಟಕ್ಕೆ ಸೇರಿದ ಎಲುಬಿನ ಉಪಕರಣಗಳು ದೊರೆತವು. ಇದರಿಂದ ಫೂಟ್ ಅವರ ನಿರ್ಣಯಕ್ಕೆ ಮತ್ತೆ ಬಲ ಬಂದಿತು.

== ಚಿನ್ನ ಮತ್ತು ಹಳೆಯ ಗಣಿಗಳು ==
ಕನ್ನಡ ನಾಡಿನ ಅನೇಕ ಕಡೆ ಚಿನ್ನಕ್ಕಾಗಿ ಅಗೆದು ಕೈಬಿಟ್ಟ ಗುಂಡಿಗಳು, ಸುರಂಗಗಳು ಮತ್ತು ಕಲ್ಲುಪುಡಿಯ ರಾಶಿಗಳು ಇದ್ದವು. ಕೋಲಾರ ಸೀಮೆಯ ಮಾರಿಕುಪ್ಪಂನ ಹಳೆಯ ಗಣಿಗಳನ್ನು ಜಾನ್ ವಾರೆನ್ 1802ರಲ್ಲಿಯೇ ಗಮನಿಸಿದ್ದರು. ಇಂತಹ ಕುರುಹುಗಳು ಅದಿರಿರುವ ಬೆಣಚುಕಲ್ಲಿನ ಎಳೆಗಳ ಜಾಡನ್ನು ತೋರಿಸುತ್ತಿದ್ದವು. ಕೋಲಾರದಲ್ಲಿ 1880ರ ದಶಕದಲ್ಲಿ ಸಮೃದ್ಧ ಅದಿರು ದೊರೆತದ್ದೂ ಹಳೆಯ ತೋಡುಗಳ ಕೆಳಗೇ.

ಧಾರವಾಡ ಜಿಲ್ಲೆಗೆ ಅಂದು ಸೇರಿದ್ದ ಕಪ್ಪತಗುಡ್ಡದ ಚಿನ್ನದ ಶಿಲೆಗಳ ಕುರಿತು ಫೂಟ್ 1874ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿನ ಸೊರಟೂರಿನ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆದು ಚಿನ್ನದ ಕಣಗಳನ್ನು ಸಂಗ್ರಹಿಸುತ್ತಿದ್ದರು. ಮೈಸೂರಿನ ಚಿನ್ನದ ಪ್ರದೇಶಗಳ ಕುರಿತ ಅವರ ಮತ್ತೊಂದು ಟಿಪ್ಪಣಿ 1882ರಲ್ಲಿ ಪ್ರಕಟವಾಯಿತು. 1887ರಲ್ಲಿ ಮೈಸೂರು ಸಂಸ್ಥಾನದ ಚಿನ್ನದ ಪ್ರದೇಶಗಳೆಲ್ಲವನ್ನೂ ಸಂಚರಿಸಿ ಸಮೀಕ್ಷೆ ನಡೆಸಿದರು.

ಈ ಸಂಚಾರಗಳಿಂದ ಮಹತ್ವದ ಒಂದು ಸಿದ್ಧಾಂತ ರೂಪುಗೊಂಡಿತು. ಧಾರವಾಡ, ಬಳ್ಳಾರಿ, ಮೈಸೂರು, ಕೋಲಾರಗಳಲ್ಲಿ ಗ್ರಾನೈಟ್ ಮತ್ತು ನೈಸ್ ಶಿಲೆಗಳ ನಡುವೆ ಉದ್ದುದ್ದನೆಯ ಪಟ್ಟಿಗಳಾಗಿ ಹರಡಿರುವ ಶಿಸ್ಟ್ ಶಿಲೆಗಳು ಒಂದೇ ಸಮೂಹಕ್ಕೆ ಸೇರಿದವು. ದಕ್ಷಿಣ ಭಾರತದ ಚಿನ್ನಕ್ಕೆ ಮುಖ್ಯ ಆಶ್ರಯವೂ ಅವೇ. ಈ ಸಮೂಹಕ್ಕೆ ಫೂಟ್ 1880ರ ದಶಕದಲ್ಲಿ ಧಾರವಾಡ ಎಂಬ ಹೆಸರಿಟ್ಟರು. ಇದರಿಂದ ಹಳೆಯ ಗುಂಡಿಗಳನ್ನು ಬಿಡಿಬಿಡಿಯಾಗಿ ನೋಡುವ ಬದಲು, ಚಿನ್ನವನ್ನು ಯಾವ ಶಿಲಾಪಟ್ಟಿಗಳಲ್ಲಿ ಹುಡುಕಬೇಕೆಂಬುದು ಸ್ಪಷ್ಟವಾಯಿತು. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲಿರುವ ಕೆಂಪಿನಕೋಟೆಯ ಪ್ರಾಚೀನ ಚಿನ್ನದ ಗಣಿ ಹಾಗೂ ರಾಯಚೂರು ಜಿಲ್ಲೆಯ ಹಟ್ಟಿಯ ಗಣಿ ಇಂತಹ ಶಿಲಾಪಟ್ಟಿಗಳಲ್ಲಿಯೇ ಇವೆ. ಹಟ್ಟಿಯಲ್ಲಿ ಪ್ರಾಚೀನರು ಸುಮಾರು 640 ಅಡಿ ಆಳದವರೆಗೆ ಅಗೆದಿದ್ದುದು ಆಧುನಿಕ ಗಣಿಗಾರಿಕೆಯ ಸಂದರ್ಭದಲ್ಲಿ ತಿಳಿದುಬಂದಿತು.

== ಕೊನೆಯ ವರ್ಷಗಳು ==
1891ರಲ್ಲಿ ನಿವೃತ್ತರಾದ ಬಳಿಕ ಫೂಟ್ ಬರೋಡಾ ಸಂಸ್ಥಾನದಲ್ಲಿ ಭೂವಿಜ್ಞಾನಿಯಾಗಿ ಕಾರ್ಯನಿರ್ವಹಿಸಿದರು. 1894ರಲ್ಲಿ ಮೈಸೂರು ಸಂಸ್ಥಾನ ಸ್ವಂತ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದರು. ನಂತರ ಸೇಲಂ ಸಮೀಪದ ಯೇರ್ಕಾಡಿನಲ್ಲಿ ನೆಲೆಸಿದರು.

ನಾಲ್ಕು ದಶಕಗಳಿಂದ ಕೂಡಿಸಿದ್ದ ಪ್ರಾಗಿತಿಹಾಸದ ವಸ್ತುಗಳ ಸಂಗ್ರಹವನ್ನು ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ 1904ರಲ್ಲಿ 40,000 ರೂಪಾಯಿಗಳಿಗೆ ಖರೀದಿಸಿತು. ಫೂಟ್ ಕಲ್ಕತ್ತೆಯಲ್ಲಿ ನಿಧನರಾದರು. ಯೇರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ. ಸಂಗ್ರಹದ ವಿವರಣಾತ್ಮಕ ಸೂಚಿ ಮತ್ತು ಅದರ ಟಿಪ್ಪಣಿಗಳು ಅವರ ಮರಣಾನಂತರ 1914 ಹಾಗೂ 1916ರಲ್ಲಿ ಪ್ರಕಟವಾದವು.

== ಪರಂಪರೆ ==
ಫೂಟ್ ಅವರ ಎಲ್ಲ ನಿರ್ಣಯಗಳೂ ಉಳಿದಿಲ್ಲ. ಹಳೆಶಿಲಾಯುಗ ಮತ್ತು ನವಶಿಲಾಯುಗಗಳ ನಡುವೆ ಭಾರತದಲ್ಲಿ ಮಾನವ ವಾಸವಿಲ್ಲದ ದೀರ್ಘ ಅವಧಿಯಿತ್ತೆಂಬ ಅವರ ಊಹೆಯನ್ನು ನಂತರದ ಉತ್ಖನನಗಳು ಅಲ್ಲಗಳೆದವು. ಧಾರವಾಡ ಶಿಲಾಸಮೂಹದ ವಿಭಜನೆಯೂ ಪರಿಷ್ಕೃತವಾಗಿದೆ. ಆದರೆ ಧಾರವಾಡ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಅವರು ಗುರುತಿಸಿದ ನೆಲೆಗಳಲ್ಲಿ ಅನೇಕವು ದಕ್ಷಿಣ ಭಾರತದ ಪ್ರಾಗಿತಿಹಾಸದ ಮುಂದಿನ ಉತ್ಖನನಗಳಿಗೆ ಆಧಾರವಾದವು. ಚೆನ್ನೈಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಅವರ ಸಂಗ್ರಹ ಸಂಶೋಧಕರಿಗೆ ಮುಖ್ಯ ಆಕರವಾಗಿದೆ.