ನೀರಿನಾಳಕ್ಕೆ ಕಿವಿಗೊಟ್ಟ ವಿಜ್ಞಾನಿ ಪಾಲ್ ಲ್ಯಾಂಜೆವಿನ್

2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಶಿರೂರಿನಲ್ಲಿ ಗುಡ್ಡ ಕುಸಿದು, ಒಂದು ಲಾರಿ ಚಾಲಕನ ಸಮೇತ ಗಂಗಾವಳಿ ನದಿಯಲ್ಲಿ ಮುಳುಗಿತು. ನೌಕಾಪಡೆಯವರು ಸೋನಾರ್‌ನಿಂದ ಹುಡುಕುತ್ತಿದ್ದಾರೆ ಎಂದು ಟಿ.ವಿ.ಯಲ್ಲಿ ಬಂತು. ಬಟವಾಡಿಯಲ್ಲಿ ಹಗಲು ರಾತ್ರಿ ಹೆದ್ದಾರಿಯ ಲಾರಿಗಳನ್ನು ನೋಡುವ ನಮಗೆ ಆ ಸುದ್ದಿ ದೂರದ್ದು ಅನಿಸಲಿಲ್ಲ. ಉರ್ದುವಿನಲ್ಲಿ ಸುನಾರ್ ಎಂದರೆ ಅಕ್ಕಸಾಲಿಗ. ಅಕ್ಕಸಾಲಿಗನಿಗೆ ನದಿಯಲ್ಲಿ ಏನು ಕೆಲಸ ಎಂದು ತಮ್ಮ ಕೇಳಿದ. ನನಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದದ್ದು ಈ ಕಥೆ.

ಪಾಲ್ ಲ್ಯಾಂಜೆವಿನ್ 1872ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದರು. ಪಿಯರೆ ಕ್ಯೂರಿ ಅವರ ಗುರುಗಳು. ಕ್ವಾರ್ಟ್ಸ್ ಹರಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಪಿಯರೆ ಮತ್ತು ಅವರ ಅಣ್ಣ 1880ರಲ್ಲೇ ಕಂಡುಹಿಡಿದಿದ್ದರು. ಗುರುಗಳು 1906ರಲ್ಲಿ ಕುದುರೆ ಗಾಡಿಗೆ ಸಿಕ್ಕಿ ತೀರಿಕೊಂಡರು.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸುತ್ತಿದ್ದವು. ನೀರಿನಲ್ಲಿ ಬೆಳಕು ದೂರ ಹೋಗುವುದಿಲ್ಲ. ಶಬ್ದ ಮಾತ್ರ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಸಾಗುತ್ತದೆ. 1915ರಲ್ಲಿ ಲ್ಯಾಂಜೆವಿನ್ ಅವರು ರಷ್ಯಾದ ಇಂಜಿನಿಯರ್ ಚಿಲೋವ್ಸ್ಕಿ ಜೊತೆ ಕೆಲಸ ಆರಂಭಿಸಿದರು. ಆಮೇಲೆ ಅವರಿಗೆ ಗುರುಗಳ ಹರಳು ನೆನಪಾಯಿತು. ಉಕ್ಕಿನ ತಟ್ಟೆಗಳ ನಡುವೆ ಕ್ವಾರ್ಟ್ಸ್ ಇಟ್ಟು ವಿದ್ಯುತ್ ಹರಿಸಿದರೆ ಅದು ಕಂಪಿಸಿ, ನಮ್ಮ ಕಿವಿಗೆ ಕೇಳದ ಶಬ್ದ ಹೊರಡಿಸುತ್ತದೆ. ಆ ಶಬ್ದ ವಸ್ತುವಿಗೆ ತಾಗಿ ಮರಳಿದಾಗ ಅದೇ ಹರಳು ಅದನ್ನು ಮತ್ತೆ ವಿದ್ಯುತ್ ಮಾಡುತ್ತದೆ. ಪ್ರತಿಧ್ವನಿ 2 ಸೆಕೆಂಡಿನಲ್ಲಿ ಬಂದರೆ, ಹೋಗಿ ಬರಲು 3000 ಮೀಟರ್. ಅಂದರೆ ವಸ್ತು 1500 ಮೀಟರ್ ದೂರದಲ್ಲಿದೆ. ಕಾಮರ್ಸ್‌ನವರಿಗೂ ಇದು ಸುಲಭದ ಲೆಕ್ಕ! 1918ರಲ್ಲಿ ಅವರಿಗೆ ಜಲಾಂತರ್ಗಾಮಿಯ ಪ್ರತಿಧ್ವನಿ ಸಿಕ್ಕಿತು. ಅದೇ ವರ್ಷ ಯುದ್ಧ ಮುಗಿಯಿತು.

ಅವರು ಪ್ರಯೋಗಾಲಯದಲ್ಲೇ ಕುಳಿತವರಲ್ಲ. ಫ್ಯಾಸಿಸಂ ವಿರುದ್ಧ ಬಹಿರಂಗವಾಗಿ ನಿಂತರು. 1940ರಲ್ಲಿ ನಾಜಿಗಳು ಅವರನ್ನು ಜೈಲಿಗೆ ಹಾಕಿ, ನಂತರ ಟ್ರಾಯ್ ಪಟ್ಟಣದಲ್ಲಿ ಕಣ್ಗಾವಲಿನಲ್ಲಿಟ್ಟರು. 1942ರಲ್ಲಿ ಅಳಿಯನನ್ನು ಗುಂಡಿಕ್ಕಿ ಕೊಂದರು, 1943ರಲ್ಲಿ ಮಗಳನ್ನು ಆಶ್ವಿಟ್ಜ್ ಶಿಬಿರಕ್ಕೆ ಕಳಿಸಿದರು. ಮಗಳು ಬದುಕಿ ಬಂದರು. ಲ್ಯಾಂಜೆವಿನ್ 1944ರಲ್ಲಿ ಸ್ವಿಟ್ಜರ್ಲೆಂಡಿಗೆ ತಪ್ಪಿಸಿಕೊಂಡು, ಪ್ಯಾರಿಸ್‌ಗೆ ಮರಳಿ, 1946ರ ಡಿಸೆಂಬರ್ 19ರಂದು ನಿಧನರಾದರು.

ಶಿರೂರಿನ ಲಾರಿ 71 ದಿನಗಳ ನಂತರ, ಸೆಪ್ಟೆಂಬರ್ 25ರಂದು ಸಿಕ್ಕಿತು. ಚಾಲಕನ ದೇಹ ಅದರೊಳಗೇ ಇತ್ತು. ಸೋನಾರ್ ಜೀವ ಉಳಿಸಲಿಲ್ಲ, ಹುಡುಕಾಟಕ್ಕೆ ನೆರವಾಯಿತು. ಕಾದಿದ್ದ ಮನೆಯವರಿಗೆ ಅಂತ್ಯಕ್ರಿಯೆ ಮಾಡಲು ಮಗ ಸಿಕ್ಕಿದ. ಯುದ್ಧಕ್ಕೆಂದು ಹುಟ್ಟಿದ ಯಂತ್ರದಿಂದ ಇಂಥ ಕೆಲಸವೂ ಆಗುತ್ತದೆ ಎಂದು ತಮ್ಮನಿಗೆ ಹೇಳಿದೆ.