ಸಿಕಂದರ್ ಸಾಹೇಬನೂ ಅವನ ಕುದುರೆ ದಳವೂ

ಜೇಮ್ಸ್ ಸ್ಕಿನ್ನರನು 1778ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದನು. ತಂದೆಯು ಸ್ಕಾಟ್ಲೆಂಡಿನವನು, ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ; ತಾಯಿ ರಜಪೂತ ಮನೆತನದವಳು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿದರೆ ಪರದೆಯ ಮರ್ಯಾದೆ ಕೆಡುವುದೆಂದು ನೊಂದ ಆ ತಾಯಿ 1790ರಲ್ಲಿ ಪ್ರಾಣವನ್ನೇ ಬಿಟ್ಟಳು. ಮರುವರ್ಷವೇ ಕಂಪನಿಯ ನಿರ್ದೇಶಕರು ಈ ದೇಶದ ತಾಯಂದಿರಲ್ಲಿ ಹುಟ್ಟಿದವರಿಗೆ ತಮ್ಮ ಸೇವೆಯ ಬಾಗಿಲನ್ನು ಮುಚ್ಚಿದರು. 1795ರ ನಿಯಮದಂತೆ ಅಂಥವರಿಗೆ ಸೈನ್ಯದಲ್ಲಿ ಉಳಿದದ್ದು ಕೊಳಲೂದುವುದು, ನಗಾರಿ ಬಾರಿಸುವುದು, ಲಾಳ ಕಟ್ಟುವುದು ಮೊದಲಾದ ಕೆಲಸಗಳು ಮಾತ್ರ.

ತಂದೆಯು ಹುಡುಗನನ್ನು ಅಚ್ಚುಕೂಟಕ್ಕೆ ಸೇರಿಸಿದನು. ಅವನು ಅಲ್ಲಿಂದ ಓಡಿಹೋದನು. ಕೊನೆಗೆ ಶಿಫಾರಸು ಪತ್ರವೊಂದನ್ನು ಪಡೆದು ಸಿಂಧಿಯಾನ ಮರಾಠಾ ಸೈನ್ಯದಲ್ಲಿ ಅಧಿಕಾರಿಯಾದನು.

1800ರಲ್ಲಿ ರಾಜಸ್ಥಾನದ ಉನಿಯಾರಾ ಎಂಬಲ್ಲಿ ನಡೆದ ಕಾಳಗದಲ್ಲಿ ಅವನಿಗೆ ಗುಂಡು ತಗುಲಿತು. ಸತ್ತವರ ನಡುವೆ ನೀರಿಲ್ಲದೆ ರಾತ್ರಿ ಹಗಲು ಬಿದ್ದಿದ್ದನು. ಬದುಕಿದರೆ ದೇವಾಲಯವೊಂದನ್ನು ಕಟ್ಟಿಸುವುದಾಗಿ ಹರಕೆ ಹೊತ್ತನು. ಆಗ ಚರ್ಮಕಾರ ಕುಲದ ಹೆಂಗಸೊಬ್ಬಳು ಗಾಯಾಳುಗಳಿಗೆ ರೊಟ್ಟಿಯನ್ನೂ ನೀರನ್ನೂ ತಂದಳು. ಪಕ್ಕದಲ್ಲಿ ಬಿದ್ದಿದ್ದ ರಜಪೂತ ಸುಬೇದಾರನು ಆ ಕೈಯ ನೀರನ್ನು ಮುಟ್ಟಲಿಲ್ಲ. ಸ್ಕಿನ್ನರನು ಕುಡಿದನು, ಮುಂದೆ ಅವಳನ್ನು ತಾಯಿಯೆಂದು ಕರೆದು ಹಣವನ್ನು ಕಳುಹಿಸಿದನು. ಅವನ ಎಷ್ಟೋ ಕಾಳಗಗಳಿಗಿಂತ ಈ ಪ್ರಸಂಗವೇ ನಮಗೆ ದೊಡ್ಡದಾಗಿ ತೋರುತ್ತದೆ.

1803ರಲ್ಲಿ ಇಂಗ್ಲಿಷರಿಗೂ ಮರಾಠರಿಗೂ ಯುದ್ಧವೊದಗಿತು. ಸಿಂಧಿಯಾನ ಫ್ರೆಂಚ್ ದಳಪತಿ ಪೆರನ್ನನು ಇಂಗ್ಲಿಷರ ರಕ್ತಸಂಬಂಧವಿದ್ದ ಅಧಿಕಾರಿಗಳನ್ನೆಲ್ಲ ಹೊರಹಾಕಿದನು. ಉಳಿಯಲು ಬಯಸಿದ ಸ್ಕಿನ್ನರನಿಗೂ ಅದೇ ಗತಿಯಾಯಿತು. ತಾಯಿಯ ಕಡೆಯಿಂದ ಒಂದು ಬಾಗಿಲು ಮುಚ್ಚಿತ್ತು, ತಂದೆಯ ಕಡೆಯಿಂದ ಈಗ ಇನ್ನೊಂದು ಮುಚ್ಚಿತು! ವಿಧಿಯಿಲ್ಲದೆ ಅವನು ಇಂಗ್ಲಿಷ್ ಸೇನಾಪತಿ ಲಾರ್ಡ್ ಲೇಕನ ಬಳಿಗೆ ಹೋದನು; ಆದರೆ ಸಿಂಧಿಯಾನ ಅನ್ನವನ್ನುಂಡ ತಾನು ಅವನ ಮೇಲೆ ಕತ್ತಿ ಹಿಡಿಯಲಾರೆನೆಂದು ಮೊದಲೇ ತಿಳಿಸಿದನು. ದೆಹಲಿಯ ಯುದ್ಧದ ತರುವಾಯ ಪೆರನ್ನನ ಸವಾರರು ಇಂಗ್ಲಿಷರ ಕಡೆಗೆ ಬಂದರು. ನಿಮಗೆ ನಾಯಕನು ಯಾರಾಗಬೇಕೆಂದು ಕೇಳಿದಾಗ ಅವರು ಆರಿಸಿದ್ದು ತಮ್ಮ ಸಿಕಂದರ್ ಸಾಹೇಬನನ್ನು. ಸ್ಕಿನ್ನರನೆಂಬ ಹೆಸರು ಅವರ ನಾಲಗೆಯಲ್ಲಿ ಹಾಗಾಗಿತ್ತು. ಸ್ಕಿನ್ನರನ ಕುದುರೆ ದಳದ ಹುಟ್ಟು ಇದು.

ಈ ದಳವು ಕಂಪನಿಯ ಖಾಯಂ ಸೈನ್ಯಕ್ಕೆ ಸೇರಿದ್ದಲ್ಲ. ಇಲ್ಲಿ ನಡೆಯುತ್ತಿದ್ದದ್ದು ಶಿಲೇದಾರ ಪದ್ಧತಿ. ಸವಾರನು ತನ್ನ ಕುದುರೆ, ಕತ್ತಿ, ಉಡುಪುಗಳನ್ನು ತಾನೇ ತರಬೇಕು; ಸರಕಾರವು ಸಂಬಳವನ್ನು ಮಾತ್ರ ಕೊಡುವುದು. ನಮ್ಮ ಮೈಸೂರು ಸಂಸ್ಥಾನದಲ್ಲಿಯೂ ಶಿಲೇದಾರ ಕುದುರೆ ಸೈನ್ಯವಿದ್ದುದನ್ನು ಇಲ್ಲಿ ನೆನೆಯಬಹುದು. ಹಗುರವಾದ ಸಾಮಗ್ರಿಯೊಡನೆ ಮುಂದೋಡಿ ಶತ್ರುವಿನ ಸುಳಿವನ್ನು ತರುವುದು, ಸೋತು ಓಡುವವರನ್ನು ಬೆನ್ನಟ್ಟುವುದು ಇಂಥ ಸವಾರರ ಕೆಲಸ. ಹಳದಿ ನಿಲುವಂಗಿ ಇವರ ಗುರುತು. ಬೇಕಾದಾಗ ಕರೆದು ಬೇಡವಾದಾಗ ಬಿಡುವುದಕ್ಕೂ ಇಂಥ ದಳ ಅನುಕೂಲ: 1806ರಲ್ಲಿ ವೆಚ್ಚವನ್ನು ಇಳಿಸಲೆಂದು ಅದನ್ನು ವಿಸರ್ಜಿಸಿದವರೇ ಕೆಲವು ವರ್ಷಗಳಲ್ಲಿ ಮತ್ತೆ ಕೂಡಿಸಿದರು. 1814ರಲ್ಲಿ ಎರಡನೆಯ ದಳವೂ ಏರ್ಪಟ್ಟಿತು. ಕಂಪನಿಯ ರಾಜ್ಯವು ಬೆಳೆಯಲು ಇವನ ಕತ್ತಿ ನೆರವಾಯಿತೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ.

ಸ್ಕಿನ್ನರನು ಪಾರಸಿಯಲ್ಲಿ ಪಂಡಿತನು. ಈ ದೇಶದ ಜಾತಿಗಳನ್ನೂ ಕಸುಬುಗಳನ್ನೂ ವರ್ಣಿಸುವ ಸಚಿತ್ರ ಗ್ರಂಥವನ್ನು 1825ರಲ್ಲಿ ಆ ಭಾಷೆಯಲ್ಲಿ ರಚಿಸಿದನು. ತನ್ನ ಆತ್ಮಕಥೆಯನ್ನು ಬರೆದುದೂ ಪಾರಸಿಯಲ್ಲಿಯೇ. ಲೆಫ್ಟಿನೆಂಟ್ ಕರ್ನಲ್ ಪದವಿಯೂ ಅವನಿಗೆ ದೊರೆಯಿತು, ಆದರೆ ಬಹಳ ತಡವಾಗಿ.

ಹರಕೆಯನ್ನು ಅವನು ಮರೆಯಲಿಲ್ಲ. ದೆಹಲಿಯಲ್ಲಿರುವ ನಾವು ಕಾಶ್ಮೀರಿ ದರ್ವಾಜೆಯ ಬಳಿ ಕಾಣುವ, ಗುಮ್ಮಟವುಳ್ಳ ಸೇಂಟ್ ಜೇಮ್ಸ್ ಇಗರ್ಜಿ ಅವನೇ ಕಟ್ಟಿಸಿದ್ದು; 1836ರಲ್ಲಿ ಅದರ ಪ್ರತಿಷ್ಠೆಯಾಯಿತು. 1841ರ ಡಿಸೆಂಬರಿನಲ್ಲಿ ಅವನು ಹಾಂಸಿಯಲ್ಲಿ ತೀರಿಕೊಂಡನು. ಮುಂದಿನ ತಿಂಗಳು ದೇಹವನ್ನು ದೆಹಲಿಗೆ ತಂದು ಈ ಇಗರ್ಜಿಯೊಳಗೇ ಹೂಳಿದರು. ಅವನ ದಳ ಇಂದಿಗೂ ಭಾರತ ಸೈನ್ಯದಲ್ಲಿದೆ. ಕುದುರೆಗಳು ಹೋಗಿ ಟ್ಯಾಂಕುಗಳು ಬಂದಿವೆ. ಹೆಸರು ಮಾತ್ರ ಸ್ಕಿನ್ನರನ ಕುದುರೆ ದಳವೆಂದೇ ಉಳಿದಿದೆ.