ರೋಗಿಗಳ ಬಂಧು ಜೋಸೆಫ್ ವಾಜ್

ಮಕ್ಕಳೇ, ನೀವು ವಾಸ್ಕೋದಿಂದ ಪಣಜಿಗೆ ಬಸ್ಸಿನಲ್ಲಿ ಹೋಗಿದ್ದೀರಾ? ದಾರಿಯಲ್ಲಿ ಸಾಂಕವಾಳ ಎಂಬ ಊರು ಸಿಗುತ್ತದೆ. ನಿಮ್ಮಲ್ಲಿ ಕೆಲವರ ಮನೆಯಿರುವ ಜುವಾರಿನಗರವೂ ಅದೇ ಊರಿಗೆ ಸೇರಿದೆ. ಅಲ್ಲಿ ನದಿಯ ಹತ್ತಿರ ಒಂದು ಹಳೆಯ ಚರ್ಚಿನ ಮುಂಗೋಡೆ ಮಾತ್ರ ಇಂದಿಗೂ ನಿಂತಿದೆ. ಸುಮಾರು 350 ವರ್ಷಗಳ ಹಿಂದೆ ಆ ಊರಿನಲ್ಲಿ ಜೋಸೆಫ್ ವಾಜ್ ಎಂಬ ಬಾಲಕ ಬೆಳೆದನು. ನೀವು ಈಗ ಓದಲಿರುವುದು ಅವರ ಕಥೆ.

ಜೋಸೆಫ್ ವಾಜ್ ಅವರು 1651ನೆಯ ಏಪ್ರಿಲ್ 21ರಂದು ತಾಯಿಯ ಊರಾದ ಬಾಣಾವಳಿಯಲ್ಲಿ ಜನಿಸಿದರು. ತಂದೆಯ ಊರು ಸಾಂಕವಾಳ. ಮನೆಯ ಮಾತು ಕೊಂಕಣಿ. ಅವರು ಶಾಲೆಯಲ್ಲಿ ಪೋರ್ಚುಗೀಸ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿತರು. 1676ರಲ್ಲಿ ಪಾದ್ರಿಯಾದರು. ಬಡವರ ಹಾಗೆ ಬರಿಗಾಲಿನಲ್ಲಿಯೇ ನಡೆಯತೊಡಗಿದರು.

1681ರಲ್ಲಿ ಅವರನ್ನು ನಮ್ಮ ಕನ್ನಡ ಕರಾವಳಿಗೆ ಕಳುಹಿಸಲಾಯಿತು. ಗೋವೆಯಿಂದ ಹೋದ ಅನೇಕ ಕ್ರೈಸ್ತ ಕುಟುಂಬಗಳು ಅಲ್ಲಿ ನೆಲೆಸಿದ್ದವು. ಮಂಗಳೂರು, ಬಸರೂರು, ಗಂಗೊಳ್ಳಿ ಮೊದಲಾದ ಕಡೆಗಳಲ್ಲಿ ವಾಜ್ ಅವರು ಮೂರು ವರ್ಷ ಸೇವೆ ಮಾಡಿದರು. ಮಂಗಳೂರಿನ ಸಮೀಪದ ಮುಡಿಪು ಎಂಬಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

ಆದರೆ ಅವರ ಮನಸ್ಸು ಶ್ರೀಲಂಕಾದ ಕಡೆಗೆ ಇತ್ತು. ಅಲ್ಲಿನ ಕರಾವಳಿ ಆಗ ಡಚ್ಚರ ಕೈಯಲ್ಲಿತ್ತು. ಡಚ್ಚರೂ ಕ್ರೈಸ್ತರೇ, ಆದರೂ ಅವರು ಕಥೋಲಿಕ ಪಂಥವನ್ನು ನಿಷೇಧಿಸಿದ್ದರು. ಅಲ್ಲಿನ ಕಥೋಲಿಕರಿಗೆ ಒಬ್ಬ ಪಾದ್ರಿಯೂ ಇರಲಿಲ್ಲ. ಕಷ್ಟಕಾಲದಲ್ಲಿ ಜೊತೆಗೆ ಕುಳಿತು ಪ್ರಾರ್ಥಿಸುವವರಿಲ್ಲ, ಸಾಯುವವರಿಗೆ ಸಮಾಧಾನ ಹೇಳುವವರಿಲ್ಲ. 1687ರಲ್ಲಿ ವಾಜ್ ಅವರು ಕೂಲಿಯವನ ವೇಷದಲ್ಲಿ ಜಾಫ್ನಾವನ್ನು ತಲುಪಿದರು. ದಾರಿಯಲ್ಲಿ ಆಮಶಂಕೆ ತಗುಲಿ ಬಹಳ ಸೊರಗಿದ್ದರು. ಕಥೋಲಿಕರನ್ನು ಹುಡುಕುವುದು ಹೇಗೆ? ಅವರು ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಮಾಲೆಯನ್ನು ಕಂಡು ಯಾರ ಮುಖ ಅರಳಿತೋ ಅವರು ತಮ್ಮವರೆಂದು ತಿಳಿದುಕೊಂಡರು. ಎಂತಹ ಜಾಣತನ, ನೋಡಿ!

ಕೆಲವು ವರ್ಷಗಳ ಬಳಿಕ, 1692ರಲ್ಲಿ, ಅವರು ಬೆಟ್ಟಗಳ ನಡುವಿನ ಕ್ಯಾಂಡಿ ನಗರಕ್ಕೆ ಹೋದರು. ಅಲ್ಲಿ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ ಆಳುತ್ತಿದ್ದನು. ವಾಜ್ ಅವರು ಪೋರ್ಚುಗೀಸರ ಗೂಢಚಾರರೆಂದು ಯಾರೋ ದೂರು ಕೊಟ್ಟರು. ಅರಸನು ಅವರನ್ನು ಸೆರೆಯಲ್ಲಿಟ್ಟನು. ವಾಜ್ ಅವರು ಸೆರೆಮನೆಯಲ್ಲಿಯೇ ಸಿಂಹಳ ಭಾಷೆ ಕಲಿತರು! ಕ್ರಮೇಣ ಅರಸನ ಸಂಶಯ ಕರಗಿತು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂದಿತು. ನೀವು ಸಿಡುಬನ್ನು ಕಂಡಿಲ್ಲ. 1980ರಲ್ಲಿ ಆ ರೋಗ ಪ್ರಪಂಚದಿಂದಲೇ ಅಳಿದುಹೋಯಿತೆಂದು ಸಾರಲಾಯಿತು. ಆದರೆ ವಾಜ್ ಅವರ ಕಾಲದಲ್ಲಿ ಅದಕ್ಕೆ ಲಸಿಕೆಯೇ ಇರಲಿಲ್ಲ. ಮೈತುಂಬ ಕೀವಿನ ಗುಳ್ಳೆ, ಸುಡುವ ಜ್ವರ, ಮುಟ್ಟಿದವರಿಗೂ ಅಂಟುವ ಭಯ. ಅರಸನು ನಗರ ಬಿಟ್ಟು ಹೋದನು. ಶಕ್ತಿಯಿದ್ದ ಜನರೂ ಓಡಿದರು. ಹೆತ್ತವರು, ಮಕ್ಕಳೆನ್ನದೆ ರೋಗಿಗಳನ್ನು ಕಾಡಿನಲ್ಲಿ ಬಿಟ್ಟುಬಂದರು. ಅವರನ್ನು ಕಲ್ಲೆದೆಯವರೆಂದು ನಾವು ಬೈಯುವುದು ಸುಲಭ. ಹೆದರಿಕೆ ಅಷ್ಟು ದೊಡ್ಡದಾಗಿತ್ತು.

ವಾಜ್ ಅವರು ಹೋಗಲಿಲ್ಲ. ಗೋವೆಯಿಂದ ಬಂದಿದ್ದ ಅವರ ಬಂಧು, ಪಾದ್ರಿ ಜೋಸೆಫ್ ಕಾರ್ವಾಲ್ಹೊ ಅವರೂ ಜೊತೆಗೆ ನಿಂತರು. ಇಬ್ಬರೂ ಬಿಟ್ಟುಹೋದ ರೋಗಿಗಳನ್ನು ಹುಡುಕಿದರು. ಅವರಿಗೆ ನೆರಳು ಮಾಡಿಕೊಟ್ಟರು. ಹುಣ್ಣುಗಳನ್ನು ತೊಳೆದರು. ಉಣಿಸಿದರು. ಸತ್ತವರನ್ನು ತಾವೇ ಹೊತ್ತು ಮಣ್ಣು ಮಾಡಿದರು. ಕ್ರೈಸ್ತರಾದ ರೋಗಿಗಳ ಪಕ್ಕದಲ್ಲಿ ಕುಳಿತು ಪ್ರಾರ್ಥಿಸಿದರು. ಬೌದ್ಧರಿಗೂ ಅಷ್ಟೇ ಅಕ್ಕರೆಯ ಆರೈಕೆ ಮಾಡಿದರು. ಪ್ರತಿಯೊಬ್ಬ ರೋಗಿಯಲ್ಲಿಯೂ ಯೇಸುವೇ ಇದ್ದಾನೆಂಬುದು ಅವರ ನಂಬಿಕೆ. ಔಷಧವಿಲ್ಲದ ಆ ರೋಗಕ್ಕೆ ಅವರ ಬಳಿ ಇದ್ದುದು ಗಂಜಿ, ನೀರು ಮತ್ತು ಹೆದರದ ಎರಡು ಕೈಗಳು.

ರೋಗ ಇಳಿದ ಮೇಲೆ ಅರಸನು ಹಿಂತಿರುಗಿದನು. ನಡೆದುದನ್ನು ಕೇಳಿ ಬೆರಗಾದನು. ಒಂದು ಕಾಲಕ್ಕೆ ತಾನೇ ಸೆರೆಗೆ ಹಾಕಿದ ಪಾದ್ರಿಗೆ ಧರ್ಮಕಾರ್ಯ ನಡೆಸಲು ಸ್ವಾತಂತ್ರ್ಯ ಕೊಟ್ಟನು.

ವಾಜ್ ಅವರು ಮತ್ತೆ ಗೋವೆಗೆ ಬರಲೇ ಇಲ್ಲ. 1711ನೆಯ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಕೊಲಂಬೋ ನಗರದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಪ್ರತಿ ವರ್ಷ ಜನವರಿ 16ರಂದು ಸಾಂಕವಾಳದಲ್ಲಿ ಅವರ ಹಬ್ಬ ನಡೆಯುತ್ತದೆ. ನಿಮ್ಮ ಮನೆ ಆ ಕಡೆಯಿದ್ದರೆ ಹಬ್ಬಕ್ಕೆ ಹೊರಟ ಜನರನ್ನು ನೀವು ರಸ್ತೆಯಲ್ಲಿ ಕಂಡಿರಲೂಬಹುದು.